ಮುಟುರಿದ ಎಲೆಯೂ ಹಸಿರು ದೀಪವೂ

ಹಾವೇರಿ ಜಿಲ್ಲೆಯ ಹಾನಗಲ್ಲಿನ ಭತ್ತದ ಗದ್ದೆಗಳನ್ನೂ ಮಾವಿನ ತೋಪುಗಳನ್ನೂ ಹಿಂದಿಟ್ಟು, ಶಿಗ್ಗಾವಿಯನ್ನು ದಾಟಿ ಸವಣೂರಿನ ಕಡೆಗೆ ನಡೆದಂತೆಲ್ಲ ಮಲೆನಾಡಿನ ಸೆರಗು ಮೆಲ್ಲನೆ ಜಾರಿ, ಎರೆಯ ನೆಲವೂ ಮೆಣಸಿನ ಹೊಲಗಳೂ ಕಣ್ಣಿಗೆ ಬೀಳತೊಡಗುತ್ತವೆ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ, ಆ ಸುಕ್ಕುಗಟ್ಟಿದ, ಖಾರಕ್ಕಿಂತ ಕೆಂಬಣ್ಣಕ್ಕೆ ಹೆಸರಾದ ಕಾಯಿಯ ಸೀಮೆಯಿದು. ಈ ಹೊಲಗಳ ಬದುವಿನ ಮೇಲೆ ಪುನಃಪುನಃ ಕೇಳಬರುವ ದುಃಖದ ಮಾತೆಂದರೆ ‘ಮುಟುರು ಬಿತ್ತು’ ಎಂಬುದು. ಎಲೆ ಸುರುಟಿ, ಗೆಣ್ಣು ಕುಗ್ಗಿ, ಹೂವು ಉದುರಿ, ಆಳೆತ್ತರದ ಆಸೆಯಿಂದ ನೆಟ್ಟ ಗಿಡ ಮೊಳಕಾಲಿಗೂ ಬಾರದೆ ಮುದುಡಿ ನಿಲ್ಲುವುದನ್ನು ಕಂಡವರಿಗೆ ಆ ಎರಡು ಪದಗಳ ಭಾರವನ್ನು ವಿವರಿಸಬೇಕಾಗಿಲ್ಲ.

ಆದರೆ ಈ ಒಂದು ಹೆಸರಿನ ಹಿಂದೆ ಮೂವರು ಶತ್ರುಗಳಿದ್ದಾರೆ. ಥ್ರಿಪ್ಸ್ ನುಸಿ ರಸ ಹೀರಿದರೆ ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಚುತ್ತದೆ. ಮೈಟ್ ನುಸಿ ಹೀರಿದರೆ ಅದೇ ದೋಣಿ ಬೋರಲಾಗಿ ಕೆಳಕ್ಕೆ ಬಾಗುತ್ತದೆ. ಮೂರನೆಯದು ಬಿಳಿ ನೊಣವು ಹೊತ್ತು ತರುವ ವೈರಾಣು. ಮೊದಲಿನ ಎರಡಕ್ಕೆ ಔಷಧವುಂಟು, ಮೂರನೆಯದಕ್ಕೆ ಇಲ್ಲ. ಹೀಗಿದ್ದರೂ ಸುರುಟಿದ ಎಲೆಯೊಂದನ್ನು ಕಿಸೆಯಲ್ಲಿಟ್ಟುಕೊಂಡು ಪೇಟೆಗೆ ಬಂದ ರೈತನಿಗೆ ಯಾವುದು ಯಾವುದೆಂದು ವಿಚಾರಿಸದೆಯೇ ಎರಡು ಮೂರು ಡಬ್ಬಿಗಳನ್ನು ಕೂಡಿಸಿ ಕೊಡುವ ಪದ್ಧತಿ ಬೆಳೆದುಬಂದಿದೆ. ಸಾಲ ತಂದು ಸಿಂಪಡಿಸಿದ ಆ ದ್ರವದಲ್ಲಿ ಎಷ್ಟು ಪಾಲು ವ್ಯರ್ಥವಾಗಿ ಮಣ್ಣಿಗೂ ಗಾಳಿಗೂ ಸೇರುತ್ತದೆಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ವೈರಾಣುವು ಎಲೆಯೊಳಗೆ ಮಾಡುವುದೇನೆಂಬುದನ್ನು ಬಹುಕಾಲ ಯಾರೂ ಕಂಡಿರಲಿಲ್ಲ. ಮೆಣಸಿನ ಎಲೆ ಮುಟುರಿಸುವ ವೈರಾಣುವಿನ ಕಣ, ಅವಳಿಗಳಂತೆ ಅಂಟಿಕೊಂಡ ಎರಡು ಗುಂಡುಗಳ ಈ ಮಿಥುನ, ಒಂದು ಮಿಲಿಮೀಟರಿನ ಲಕ್ಷ ಭಾಗಗಳಲ್ಲಿ ಎರಡು ಮೂರು ಭಾಗದಷ್ಟು ಮಾತ್ರ. ಬೆಳಕಿನ ಅಲೆಯೇ ಅದಕ್ಕಿಂತ ಎಷ್ಟೋ ಪಟ್ಟು ಉದ್ದವಾದುದರಿಂದ ಸಾಧಾರಣ ಸೂಕ್ಷ್ಮದರ್ಶಕಕ್ಕೆ ಅದು ಗೋಚರವಾಗದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ರೂಪವನ್ನೇನೋ ತೋರಿಸಿತು, ಆದರೆ ಜೀವ ಹೋದ ತೆಳುಪದರದಲ್ಲಿ. ನಡೆಯುವವನ ನಡಿಗೆಯನ್ನು ಶವದಲ್ಲಿ ಕಾಣಲಾದೀತೆ?

ಈ ತೊಡಕನ್ನು ಬಿಡಿಸಿದ್ದು ಸಮುದ್ರದ ಒಂದು ಲೋಳೆಮೀನು. ಅದರ ಮೈಯಿಂದ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಜಪಾನಿನ ಒಸಾಮು ಶಿಮೊಮುರಾ 1962ರಲ್ಲಿ ಗುರುತಿಸಿದರು. ಅದರ ಜೀನನ್ನು ಬೇರೆ ಜೀವಿಯಲ್ಲಿಟ್ಟರೂ ಅದೇ ಪ್ರಭೆ ಬೆಳಗುವುದೆಂದು ಮಾರ್ಟಿನ್ ಚಾಲ್ಫಿ 1994ರಲ್ಲಿ ತೋರಿಸಿದರು. ರೋಜರ್ ಚಿಯೆನ್ ಅದಕ್ಕೆ ನಾನಾ ವರ್ಣಗಳನ್ನು ಕೊಟ್ಟರು. 2008ರ ನೊಬೆಲ್ ಪಾರಿತೋಷಕ ಮೂವರಿಗೂ ಸಂದಿತು. ನೀಲಿ ಬೆಳಕನ್ನು ಕುಡಿದು ಹಸಿರು ಬೆಳಕನ್ನು ಉಗುಳುವ ಈ ಪ್ರತಿದೀಪ್ತಿಯನ್ನು ವೈರಾಣುವಿಗೆ ಕಟ್ಟಿದರೆ, ವೈರಾಣು ಕಾಣದಿದ್ದರೂ ಅದರ ಕೈಯ ದೀಪ ಕಾಣುತ್ತದೆ; ಅಮಾವಾಸ್ಯೆಯ ಇರುಳಿನಲ್ಲಿ ಹೊಲದ ದಾರಿ ಹಿಡಿದು ಬರುವವನ ಮುಖ ತಿಳಿಯದಿದ್ದರೂ ಕಂದೀಲಿನಿಂದ ಅವನ ಹಾದಿ ತಿಳಿಯುವಂತೆ.

ಇಲ್ಲಿ ನಮ್ಮವರೊಬ್ಬರ ಹೆಸರನ್ನು ಹೇಳತಕ್ಕದ್ದು. ಮೈಸೂರೆಂಬ ಊರಿನ ಹೆಸರನ್ನೇ ತಮ್ಮ ಹೆಸರಿನ ಮೊದಲಲ್ಲಿ ಧರಿಸಿರುವ ವಿಜ್ಞಾನಿ ಎಂ. ಆರ್. ಸುದರ್ಶನ ಅವರೂ ಸಂಗಡಿಗರೂ 1998ರಲ್ಲಿ, ನಮ್ಮ ಮೆಣಸಿನ ವೈರಾಣುವಿನ ದಾಯಾದಿಯಾದ ಬೀನ್ಸ್ ವೈರಾಣುವೊಂದಕ್ಕೆ ಈ ಹಸಿರು ದೀಪವನ್ನು ಹಿಡಿಸಿ, ಅದು ಕೋಶದಿಂದ ಕೋಶಕ್ಕೂ, ಆಹಾರ ಸಾಗಿಸುವ ನಾಳಗಳ ಮೂಲಕ ದೂರದ ಎಲೆಗಳಿಗೂ ಹರಡುವ ಕ್ರಮವನ್ನು ಪ್ರಕಟಪಡಿಸಿದರು. ಅದು ಸುಲಭದ ಕೆಲಸವಾಗಿರಲಿಲ್ಲ. ಈ ವಂಶದ ವೈರಾಣುವಿನ ಒಂದು ಡಿಎನ್ಎ ಬಳೆಯಲ್ಲಿರುವುದು ಎರಡೂವರೆ ಸಾವಿರಕ್ಕಿಂತ ತುಸು ಹೆಚ್ಚಿನ ಅಕ್ಷರಗಳು. ದೀಪದ ಜೀನೊಂದೇ ಏಳುನೂರಕ್ಕೂ ಮೀರಿದ್ದು. ಅಳತೆ ಮೀರಿದ ಹೊರೆಯನ್ನು ಕಳಚಿ ಎಸೆಯುವುದು ವೈರಾಣುವಿನ ಸ್ವಭಾವ. ಆದುದರಿಂದ ವೈರಾಣುವಿನ ಹೊರಕವಚದ ಜೀನನ್ನು ತೆಗೆದು, ಹೆಚ್ಚುಕಡಿಮೆ ಅಷ್ಟೇ ಉದ್ದದ ದೀಪದ ಜೀನನ್ನು ಆ ಸ್ಥಾನದಲ್ಲಿ ಕೂಡಿಸಿದರು. ಆ ಬೀನ್ಸ್ ವೈರಾಣುವಾದರೋ ಕವಚವಿಲ್ಲದೆಯೂ ಗಿಡದೊಳಗೆ ಸಂಚರಿಸಬಲ್ಲುದು. ನಮ್ಮ ಮೆಣಸಿನ ವೈರಾಣುವಿಗೆ ಸಾಮಾನ್ಯವಾಗಿ ಆ ಅನುಕೂಲವಿಲ್ಲ. ಕವಚ ಹೋದರೆ ಅದರ ದೂರಪ್ರಯಾಣ ನಿಲ್ಲುತ್ತದೆ. ದೀಪ ಹೊತ್ತವನ ನಡಿಗೆ ದೀಪವಿಲ್ಲದವನ ನಡಿಗೆಯಂತೆಯೇ ಇದೆಯೆ ಎಂಬ ಸಂಶಯವನ್ನು ಈ ವಿದ್ಯೆಯಲ್ಲಿ ತೊಡಗಿದವರು ಎಂದೂ ಮರೆಯಬಾರದು.

ಇಷ್ಟೆಲ್ಲ ದೂರದ ಪ್ರಯೋಗಶಾಲೆಯ ಮಾತು ಶಿಗ್ಗಾವಿಯ ರೈತನಿಗೇಕೆ ಎಂದು ಕೇಳುವವರುಂಟು. ಬೇಕಾಗಿರುವುದು ಅವನಿಗೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಲೆ ಮುಟುರುವುದು ರೋಗದ ಆರಂಭವಲ್ಲ; ವೈರಾಣು ಒಳಹೊಕ್ಕು ಕೋಶಕೋಶಗಳನ್ನು ವಶಪಡಿಸಿಕೊಂಡು ವಾರಗಳಾದ ಮೇಲೆ ಹೊರಗೆ ಮೂಡುವ ಬರಹವದು. ಟೊಮೆಟೊ ಎಲೆ ಮುಟುರು ವೈರಾಣುವಿನ ಪರೀಕ್ಷೆಗಳಲ್ಲಿ, ಹೀರಿದ ರಸದೊಡನೆ ನೊಣದ ಕರುಳಿಗೆ ಸೇರಿದ ವೈರಾಣು ಅಲ್ಲಿಂದ ಮೈದ್ರವಕ್ಕೂ ಜೊಲ್ಲಿನ ಗ್ರಂಥಿಗೂ ಸಾಗಿ, ಸುಮಾರು 8 ಗಂಟೆಗಳಲ್ಲಿ ಮತ್ತೊಂದು ಗಿಡಕ್ಕೆ ದಾಟಲು ಸಿದ್ಧವಾಗುವುದೆಂದು ಕಂಡುಬಂದಿದೆ. ಮುಟುರಿದ ಗಿಡಕ್ಕೆ ಸಿಂಪಡಿಸಿದ ಕೀಟನಾಶಕವು ನೊಣವನ್ನು ಕೊಂದೀತೇ ಹೊರತು ಕೋಶದೊಳಗಿನ ವೈರಾಣುವನ್ನು ಮುಟ್ಟಲಾರದು. ಕಾಯಬೇಕಾದುದು ಸಸಿಮಡಿಯನ್ನು: ಸಣ್ಣ ಕಣ್ಣಿನ ನೈಲಾನ್ ಪರದೆ, ಹೊಲದ ಸುತ್ತ ಎರಡು ಮೂರು ಸಾಲು ಗೋವಿನಜೋಳ, ಮೊದಲು ಮುಟುರಿದ ಗಿಡವನ್ನು ಕರುಣೆ ನೋಡದೆ ಕಿತ್ತುಹಾಕುವುದು. ಗೋವಿನಜೋಳವನ್ನೇ ಬಹುವಾಗಿ ಬೆಳೆಯುವ ಹಿರೇಕೆರೂರಿನವರಿಗೆ ಆ ಬೆಳೆಯ ಗುಣವನ್ನು ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಅಲ್ಲಿಯ ಬೆಂಡೆಯ ಮಡಿಗಳಲ್ಲಿ ಹಳದಿ ನಂಜು ತರುವುದೂ ಇದೇ ನೊಣವೇ.

ಕೇಳಿದ್ದನ್ನು ಮನುಷ್ಯ ಮರೆಯುತ್ತಾನೆ, ಕಂಡದ್ದನ್ನು ಅಷ್ಟು ಸುಲಭವಾಗಿ ಮರೆಯನು. ಹಚ್ಚಗೆ ಆರೋಗ್ಯವಾಗಿ ತೋರುವ ಎಲೆಯೊಳಗೆ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತ ನಾಳಗಳ ಗುಂಟ ಹರಿಯುವುದನ್ನು ಒಮ್ಮೆ ಕಣ್ಣಾರೆ ಕಂಡ ರೈತ, ಮುಟುರಿದ ಮೇಲೆ ಡಬ್ಬಿಗಾಗಿ ಓಡುವ ಮುನ್ನ ಎರಡು ಸಲ ಯೋಚಿಸುವನೆಂದು ನಾನು ನಂಬಿದ್ದೇನೆ. ಜಿಲ್ಲೆಯ ಹನುಮನಮಟ್ಟಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ, ದೇವಿಹೊಸೂರಿನಲ್ಲಿ ತೋಟಗಾರಿಕೆಯ ಸಂಸ್ಥೆಯಿದೆ. ರೈತನ ಕಿಸೆಯ ಎಲೆಯನ್ನು ತೆಗೆದುಕೊಂಡು, ನುಸಿಯೋ ವೈರಾಣುವೋ ಎಂದು ಎರಡು ಮೂರು ದಿನಗಳಲ್ಲಿ ಲಿಖಿತ ಉತ್ತರ ಕೊಡುವ ಪರೀಕ್ಷಾಗೃಹವೊಂದನ್ನು ಸರ್ಕಾರ ಇವುಗಳಲ್ಲಿ ಒಂದರೊಡನೆ ಏರ್ಪಡಿಸಬೇಕು. ಮುಂದಿನ ರೋಹಿಣಿ ಮಳೆಗೆ ಮುನ್ನ, ಸಸಿಮಡಿ ಹಾಕುವ ದಿನಗಳಲ್ಲಿ, ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲ್ಲೂಕುಗಳ ರೈತ ಸಂಪರ್ಕ ಕೇಂದ್ರಗಳಲ್ಲಿ ಈ ಹಸಿರು ದೀಪಗಳ ಚಲಚ್ಚಿತ್ರವನ್ನು ತೋರಿಸಲಿ. ನೋಡಿ ಹೊರಬರುವವರ ಕೈಗೆ ಅಲ್ಲಿಯೇ ಸಸಿಮಡಿಯ ನೈಲಾನ್ ಪರದೆಯ ಸಹಾಯಧನದ ಅರ್ಜಿಯನ್ನೂ ಕೊಡಲಿ.