ಹಾರುವ ತಟ್ಟೆಗೆ ಹುಕ್ಕೇರಿಯ ಕರೆಂಟು

ಕಳೆದ ವಾರ ಹುಕ್ಕೇರಿಯಿಂದ ಗೋಕಾಕಕ್ಕೆ ಬರುವಾಗ ಬಸ್ಸಿನಲ್ಲಿ ನನ್ನ ಹಿಂದೆ ಮೂವರು ಕಾಲೇಜು ಹುಡುಗರು ಕುಳಿತಿದ್ದರು. ವೈಜ್ಞಾನಿಕ ಕಥೆಗಳ ಹುಚ್ಚು ಹಿಡಿದವರು. ತಾವು ಮೆಚ್ಚಿದ ಕಥೆಗಳನ್ನೇ ಅಣಕಿಸಿ ಬರೆಯುವ ಹಂಚಿಕೆ ಹಾಕುತ್ತಿದ್ದರು. ಅನ್ಯಗ್ರಹದವರು ಎಂದಿನಂತೆ ನ್ಯೂಯಾರ್ಕಿಗೆ ಹೋಗದೆ ಗೋಕಾಕ ಜಲಪಾತದ ಬಳಿ ಇಳಿಯುತ್ತಾರೆ. ಯುದ್ಧ ಸಾರಬೇಕಾದ ಸೇನಾಪತಿಯ ದವಡೆ ಕರದಂಟಿಗೆ ಅಂಟಿಕೊಂಡು ಮಾತೇ ಹೊರಡುವುದಿಲ್ಲ. ಹಾರುವ ತಟ್ಟೆಯ ಬ್ಯಾಟರಿ ಮುಗಿದು ಹುಕ್ಕೇರಿಗೆ ಹೋದರೆ, ಅಲ್ಲಿ 1969ರಲ್ಲಿ ಹುಟ್ಟಿದ ವಿದ್ಯುತ್ ಸಹಕಾರಿ ಸಂಘ. "ಮೊದಲ ಷೇರ್ ತಗೋರಿ, ಆಮ್ಯಾಲ ಕರೆಂಟ್!"

ನಾನು ನಕ್ಕೆ. ಪಕ್ಕದಲ್ಲಿದ್ದ ಹಿರಿಯರು ಸಿಡುಕಿದರು: "ಕನ್ನಡದಾಗ ವಿಜ್ಞಾನ ಕಥೀನ ಬೆರಳೆಣಿಕೆ. ಅದಕ್ಕ ಅಣಕ ಬ್ಯಾರೆ!"

ಈ ಮಾತನ್ನು ನಾನು ಒಪ್ಪಲಾರೆ. ಅಣಕವೆಂದರೆ ಅವಮಾನವೆಂದು ತಿಳಿದವರಿಗೆ ನಮ್ಮ ಸೀಮೆಯ ಪರಿಚಯವೇ ಇಲ್ಲ. ಶ್ರೀಕೃಷ್ಣ ಪಾರಿಜಾತಕ್ಕೆ ಆಟದ ರೂಪ ಕೊಟ್ಟ ತಮ್ಮಣ್ಣನ ಕುಲಗೋಡ, ಆ ಆಟದಿಂದ ಹೆಸರಾದ ನಿಂಗಮ್ಮನ ಕೌಜಲಗಿ, ಎರಡೂ ಈ ಸೀಮೆಯವೇ. ಅಲ್ಲಿ ದೂತಿ ಮತ್ತು ಭಾಗವತರು ಜಗದೊಡೆಯನ ಸಂಸಾರವನ್ನೇ ನಮ್ಮ ಓಣಿಯ ಜಗಳವನ್ನಾಗಿ ಮಾಡಿ ನಗಿಸುತ್ತಾರೆ. ರಾತ್ರಿಯಿಡೀ ನಕ್ಕ ಜನ ಬೆಳಿಗ್ಗೆ ಅದೇ ಕೃಷ್ಣನಿಗೆ ಕೈಮುಗಿಯುತ್ತಾರೆ. ಕೃಷ್ಣನಿಗೆ ಇಲ್ಲದ ಮಡಿ ರೋಬಾಟಿಗೆ ಏಕೆ?

ಇಂಗ್ಲೆಂಡಿನಲ್ಲಿ ಡಗ್ಲಾಸ್ ಆಡಮ್ಸ್ 1978ರಲ್ಲಿ ರೇಡಿಯೋಕ್ಕೆ ಬರೆದ ನಾಟಕದಲ್ಲಿ, ಅಂತರಿಕ್ಷದ ರಸ್ತೆಗೆ ಅಡ್ಡ ಬಂತೆಂದು ಭೂಮಿಯನ್ನೇ ಕೆಡವಿಬಿಡುತ್ತಾರೆ. ಕೇಳಿದವರು ನಕ್ಕರು, ಆ ಸಾಹಿತ್ಯವೇನೂ ಬಡವಾಗಲಿಲ್ಲ. ಹಿರಿಯರ ಆಕ್ಷೇಪದಲ್ಲಿ ಒಂದು ಪಾಲು ಮಾತ್ರ ನಿಜ: ಮೂಲವನ್ನು ಓದದೆ, ಬರೀ ಸಿನಿಮಾ ನೋಡಿ ಮಾಡುವ ಅಣಕ ಹಲ್ಲುಕಿರಿತವಷ್ಟೇ. ಆದರೆ ಹುಕ್ಕೇರಿಯ ಷೇರಿನ ಮಾತು ಹೊಳೆಯಬೇಕಾದರೆ ಕಥೆಯೂ ಗೊತ್ತಿರಬೇಕು, ಊರೂ ಗೊತ್ತಿರಬೇಕು.

ಇಷ್ಟು ಬಿರುಸಾಗಿ ಬರೆಯಲು ಕಾರಣವುಂಟು. ಸೇವೆಯಲ್ಲಿದ್ದಾಗ ಒಬ್ಬ ವಿದ್ಯಾರ್ಥಿ ವಿಜ್ಞಾನದ ನೋಟುಬುಕ್ಕಿನ ಹಿಂಬದಿಯಲ್ಲಿ, ಚಂದ್ರನ ಮೇಲೆ ಕುರಿ ಮೇಯಿಸಲು ಹೋದವನ ಕಥೆ ಬರೆದಿದ್ದ. ತೂಕ ಕಡಿಮೆಯಾದ ಕುರಿಗಳು ಗಾಳಿಪಟದಂತೆ ಮೇಲೇಳುತ್ತಿದ್ದವು. ಆ ಎರಡು ಹಾಳೆಗಳನ್ನು ತರಗತಿಯ ಎದುರಿಗೇ ಹರಿದವನು ನಾನು. ಗುರುತ್ವಾಕರ್ಷಣೆಯ ಪಾಠ ಅವನೊಬ್ಬನಿಗೇ ಅರ್ಥವಾಗಿತ್ತೆಂಬುದು ನನಗೆ ತಿಳಿದದ್ದು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ. ಆಮೇಲೆ ಅವನು ನೋಟುಬುಕ್ಕಿನ ಹಿಂಬದಿಯಲ್ಲಿ ಏನನ್ನೂ ಬರೆಯಲಿಲ್ಲ.

ಬಸ್ಸು ಇಳಿಯುವಾಗ ಹುಡುಗರಿಗೆ ರಾಜಶೇಖರ ಭೂಸನೂರಮಠರ ವಿಜ್ಞಾನ ಕಥೆಗಳನ್ನು ಹುಡುಕಿ ಓದಲು ಹೇಳಿದೆ. ಒಬ್ಬ ಕೇಳಿದ: "ಅವನ್ನೂ ಅಣಕ ಮಾಡಬಹುದೇನ್ರೀ ಸರ್?"

"ಮೊದಲ ಓದ್ರಿ," ಎಂದೆ. "ಮಾಡಿದ ಮ್ಯಾಲ ನನಗೂ ತೋರಸ್ರಿ."