ಬಣ್ಣದ ಕೆಳಗಿನ ತುಕ್ಕು

ಮಳೆಗಾಲ ಕಳೆದು ಬಿಸಿಲು ಬಂದಿತೆಂದರೆ ನಮ್ಮ ಕರಾವಳಿಯ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಕೆಲಸದವರಿಗೆ ಬಿಡುವಿರುವುದಿಲ್ಲ. ಮಡ್‌ಗಾರ್ಡಿನ ಅಂಚಿನಲ್ಲಿಯೋ ಬಾಗಿಲಿನ ಅಡಿಯಲ್ಲಿಯೋ ಬಣ್ಣ ಗುಳ್ಳೆಯೆದ್ದ ಕಾರುಗಳು ಒಂದಾದ ಮೇಲೊಂದು ಬಂದು ನಿಲ್ಲುತ್ತವೆ. ಗುಳ್ಳೆಯನ್ನು ಕೆರೆದು, ಪುಟ್ಟಿ ಮೆತ್ತಿ, ಉಜ್ಜಿ ನಯಮಾಡಿ, ಮೇಲೆ ಬಣ್ಣ ಹೊಡೆದರೆ ಕಾರು ಹೊಸದರಂತೆ ಹೊಳೆಯುತ್ತದೆ. ಆದರೆ ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಎಡೆಯಲ್ಲಿ ಮತ್ತೆ ಗುಳ್ಳೆ ಏಳುತ್ತದೆ. ಬಣ್ಣವೇ ಕಳಪೆಯೆಂದು ಮಾಲೀಕನು ಬಯ್ಯುತ್ತಾನೆ. ಇದರಲ್ಲಿ ಬಣ್ಣದ ತಪ್ಪು ಬಹು ಸ್ವಲ್ಪ. ತುಕ್ಕನ್ನು ಅಂದಚಂದದ ವಿಷಯವೆಂದು ತಿಳಿದು ಬಣ್ಣಗಾರನ ಪಾಲಿಗೆ ಬಿಟ್ಟಿರುವುದೇ ಮೂಲದ ತಪ್ಪೆಂದು ನಾವು ಹೇಳುತ್ತೇವೆ.

ಸಂಡೂರಿನ ಬೆಟ್ಟಗಳ ಕೆಂಗಲ್ಲು ಆಮ್ಲಜನಕದೊಡನೆ ಕೂಡಿದ ಕಬ್ಬಿಣವೇ. ಊದುಕುಲುಮೆಯಲ್ಲಿ ಅಪಾರವಾದ ಶಾಖವನ್ನು ವೆಚ್ಚಮಾಡಿ ಆ ಎರಡನ್ನೂ ನಾವು ಅಗಲಿಸುತ್ತೇವೆ. ನೀರೂ ಗಾಳಿಯೂ ಒಟ್ಟಿಗೆ ದೊರೆತೊಡನೆ ಕಬ್ಬಿಣವು ತನ್ನ ಹಳೆಯ ಸಂಗಾತಿಯನ್ನು ಮತ್ತೆ ಕೂಡಿಕೊಳ್ಳತೊಡಗುತ್ತದೆ. ಇದಕ್ಕೆ ಮಳೆಯೇ ಸುರಿಯಬೇಕೆಂದಿಲ್ಲ. ಕಲ್ಮಷವಿರುವ ಗಾಳಿಯ ಆರ್ದ್ರತೆ ಸುಮಾರು ಶೇಕಡ ೬೦ನ್ನು ಮೀರಿದರೆ ತುಕ್ಕಿನ ವೇಗ ಒಮ್ಮೆಗೇ ಏರುವುದೆಂದು ಇಂಗ್ಲೆಂಡಿನ ವರ್ನನ್ ಎಂಬ ವಿಜ್ಞಾನಿ ೧೯೩೦ರ ದಶಕದ ವೇಳೆಗೆ ತೋರಿಸಿದ್ದನು. ಆಷಾಢದ ಮಂಗಳೂರಿನಲ್ಲಿ ಗಾಳಿ ಅಷ್ಟು ಒಣಗುವ ದಿನ ಎಷ್ಟಿದ್ದೀತು? ಅದರ ಮೇಲೆ ಕಡಲಿನ ಉಪ್ಪು ಬೇರೆ. ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ; ನೀರಿನಲ್ಲಿ ಕರಗಿ ಅದನ್ನು ಒಳ್ಳೆಯ ವಿದ್ಯುದ್ವಾಹಕವನ್ನಾಗಿಯೂ ಮಾಡುತ್ತದೆ.

ತುಕ್ಕಿಗೂ ವಿದ್ಯುತ್ತಿಗೂ ಏನು ಸಂಬಂಧವೆಂದು ವಿದ್ಯಾರ್ಥಿಗಳು ಕೇಳಬಹುದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದನ್ನು ಕಣ್ಣಾರೆ ಕಾಣುವುದು ಸುಲಭ. ಚೆನ್ನಾಗಿ ಉಜ್ಜಿದ ಉಕ್ಕಿನ ತಗಡಿನ ಮೇಲೆ ಉಪ್ಪುನೀರಿನ ಒಂದು ದೊಡ್ಡ ಹನಿಯನ್ನಿಡಿರಿ. ಆ ನೀರಿಗೆ ಮೊದಲೇ ತುಸು ಪೊಟ್ಯಾಸಿಯಂ ಫೆರಿಸಯನೈಡನ್ನೂ ಫಿನಾಫ್ತಲೀನನ್ನೂ ಬೆರೆಸಿರಬೇಕು. ಸ್ವಲ್ಪ ಹೊತ್ತಿನಲ್ಲಿ ಹನಿಯ ನಡುವೆ ನೀಲಿಯೂ ಅಂಚಿನಲ್ಲಿ ಗುಲಾಬಿಯೂ ಮೂಡುತ್ತವೆ; ಎರಡರ ನಡುವೆ ಕಂದು ತುಕ್ಕಿನ ಬಳೆಯೊಂದು ಕಟ್ಟುತ್ತದೆ. ಕೇಂಬ್ರಿಜ್ಜಿನ ಯು. ಆರ್. ಇವಾನ್ಸ್ ೧೯೨೦ರ ದಶಕದಲ್ಲಿ ವಿವರಿಸಿದ ಪ್ರಯೋಗವಿದು. ಅಂಚಿನಲ್ಲಿ ಹನಿ ತೆಳ್ಳಗಿರುವುದರಿಂದ ಅಲ್ಲಿಗೆ ಆಮ್ಲಜನಕ ಧಾರಾಳವಾಗಿ ಇಳಿಯುತ್ತದೆ. ನಡುವಿಗೆ ಅದರ ಅಭಾವ. ನಡುವಿನ ಕಬ್ಬಿಣ ಕರಗುತ್ತ ಇಲೆಕ್ಟ್ರಾನುಗಳನ್ನು ತಗಡಿನ ಮೂಲಕ ಅಂಚಿಗೆ ಕಳಿಸುತ್ತದೆ. ಅಲ್ಲಿ ಆಮ್ಲಜನಕ ಅವನ್ನು ಸ್ವೀಕರಿಸುತ್ತದೆ. ಹನಿಯೊಂದು ಪುಟ್ಟ ಬ್ಯಾಟರಿಯೇ ಆಯಿತು. ಇಲ್ಲಿ ಮುಖ್ಯವಾಗಿ ಗಮನಿಸತಕ್ಕದ್ದೇನೆಂದರೆ, ಗಾಳಿ ಚೆನ್ನಾಗಿ ತಾಗುವ ಎಡೆಯಲ್ಲಲ್ಲ, ತಾಗದ ಎಡೆಯಲ್ಲಿ ಲೋಹ ಸವೆಯುತ್ತದೆ.

ಈ ಒಂದು ಮಾತನ್ನು ಹಿಡಿದುಕೊಂಡು ಕಾರನ್ನು ನೋಡಿದರೆ ಅದರ ಶತ್ರುಗಳು ಎಲ್ಲಿ ಅಡಗಿರುವರೆಂಬುದು ತಿಳಿಯುತ್ತದೆ. ಬಾನೆಟ್ಟಿನ ಮೇಲೆ ಬಿದ್ದ ಮಳೆ ಒಂದು ಗಂಟೆಯಲ್ಲಿ ಒಣಗಿಹೋಗುತ್ತದೆ. ಚಕ್ರದ ಮೇಲ್ಭಾಗದ ಒಳಮಡಿಕೆಯಲ್ಲಿ ಮೆತ್ತಿಕೊಂಡ ಕೆಸರು ವಾರಗಟ್ಟಲೆ ಒದ್ದೆಯಾಗಿರುತ್ತದೆ. ಬಾಗಿಲಿನ ಗಾಜಿನ ಸಂದಿಯಲ್ಲಿ ಇಳಿದ ನೀರು ಹೊರಹೋಗಲೆಂದು ಅಡಿಯಲ್ಲಿ ಚಿಕ್ಕ ರಂಧ್ರಗಳಿರುತ್ತವೆ. ಎಲೆ, ಧೂಳು ಸೇರಿ ಅವು ಮುಚ್ಚಿದರೆ ಬಾಗಿಲು ನೀರಿನ ತೊಟ್ಟಿಯಾಗುತ್ತದೆ. ಇವನ್ನು ಕಡ್ಡಿಯಿಂದ ಬಿಡಿಸುವುದಕ್ಕೆ ಕಾಸೂ ಖರ್ಚಿಲ್ಲ, ಆದರೂ ಮಾಡುವವರು ವಿರಳ. ಒದ್ದೆ ಕಾರಿಗೆ ಗಾಳಿಯಾಡದ ಹೊದಿಕೆ ಹಾಕಿ ರಕ್ಷಿಸಿದೆವೆಂದುಕೊಳ್ಳುವವರು ಮಾತ್ರ ಬಹಳ! ಮೀನಿನ ಲಾರಿಗಳಿಂದ ಸೋರಿದ ಉಪ್ಪುನೀರು ರಸ್ತೆಯಿಂದ ಚಿಮ್ಮಿ ಕಾರಿನ ಅಡಿಗೆ ಬಡಿಯುವುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಮೈಯನ್ನು ಮೇಣದಿಂದ ತಿಕ್ಕುವ ಹೊತ್ತಿನಲ್ಲಿ ಅರ್ಧವನ್ನಾದರೂ ಅಡಿಭಾಗವನ್ನು ಸಿಹಿನೀರಿನಿಂದ ತೊಳೆದು ಗಾಳಿಗೆ ಒಣಗಿಸುವುದಕ್ಕೆ ಕೊಟ್ಟರೆ ಎಷ್ಟೋ ಮೇಲು.

ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಎಡೆಯನ್ನು ಬೇಡುತ್ತದೆ. ಬಣ್ಣ ಗುಳ್ಳೆಯೇಳುವುದು ಆ ಒತ್ತಡದಿಂದ. ಕಲ್ಲು ತಗುಲಿ ಹೊರಗಿನಿಂದ ಆರಂಭವಾದ ತುಕ್ಕಾದರೆ ಭಯವಿಲ್ಲ. ಒಳಗಿನಿಂದ ಬಂದದ್ದಾದರೆ, ಗುಳ್ಳೆ ಕಾಣುವ ವೇಳೆಗೆ ತಗಡು ಆರಪಾರ ಸವೆದಿರುತ್ತದೆ. ಹಳೆಯ ಕಾಲದ ಮೋಟಾರುಗಳಿಗೆ ಗಟ್ಟಿಯಾದ ಚಾಸಿಯೊಂದಿದ್ದು ಮೈ ಅದರ ಮೇಲೆ ಕುಳಿತಿರುತ್ತಿತ್ತು. ಇಂದಿನ ಬಹುಪಾಲು ಕಾರುಗಳಲ್ಲಿ ಮೈಯೇ ಮೂಳೆ. ಬಾಗಿಲಿನ ಕೆಳಗೆ ಉದ್ದಕ್ಕೂ ಹಾಯ್ದಿರುವ ಟೊಳ್ಳು ತೊಲೆ ತುಕ್ಕು ತಿಂದಿದ್ದರೆ, ಅಪಘಾತದಲ್ಲಿ ಒಳಗಿರುವವರನ್ನು ಕಾಯಬೇಕಾದ ಗೂಡೇ ಮಡಚಿಕೊಳ್ಳುತ್ತದೆ. ೧೯೮೦ರಲ್ಲಿ ಬ್ರಿಟನ್ನಿನಲ್ಲಿ ಲಾಂಚಿಯ ಬೀಟಾ ಕಾರುಗಳ ಎಂಜಿನ್ನನ್ನು ಹೊತ್ತ ಚೌಕಟ್ಟಿನ ಸುತ್ತ ತುಕ್ಕು ಹಿಡಿದು, ಕಂಪನಿಯು ಅನೇಕ ಕಾರುಗಳನ್ನು ಮರಳಿ ಕೊಂಡುಕೊಳ್ಳಬೇಕಾಯಿತು. ಆ ದೇಶದ ವಾರ್ಷಿಕ ತಪಾಸಣೆಯಲ್ಲಿ ಬ್ರೇಕು, ಸ್ಟಿಯರಿಂಗು, ಸೀಟ್‌ಬೆಲ್ಟುಗಳು ಮೈಗೆ ಕೂಡುವ ಎಡೆಯಿಂದ ೩೦ ಸೆಂಟಿಮೀಟರಿನೊಳಗೆ ತುಕ್ಕು ತೀವ್ರವಾಗಿದ್ದರೆ ಕಾರು ನಪಾಸಾಗುತ್ತದೆ. ನಮ್ಮಲ್ಲಿ ಖಾಸಗಿ ಕಾರನ್ನು ೧೫ ವರ್ಷ ತುಂಬಿದಾಗ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕೆಂಬ ನಿಯಮವಿದೆ. ಬಳ್ಳಾರಿಯ ಕಾರಿಗೂ ಮಲ್ಪೆಯ ಕಾರಿಗೂ ಒಂದೇ ಪಂಚಾಂಗವೆ? ಕಡಲತಡಿಯ ಕಾರುಗಳ ಅಡಿಭಾಗವನ್ನು ಅದಕ್ಕಿಂತ ಬಹಳ ಮೊದಲೇ ಪರೀಕ್ಷಿಸಬೇಕೆಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಚಿಕಿತ್ಸೆಗೆ ಬರೋಣ. ಮೇಲ್ಮೈಯ ತುಕ್ಕನ್ನು ತಂತಿಯ ಬ್ರಷ್ಷಿನಿಂದಲೂ ಎಮರಿ ಕಾಗದದಿಂದಲೂ ಹೊಳೆಯುವ ಲೋಹ ಕಾಣುವವರೆಗೆ ತೆಗೆಯಬೇಕು. ಕುಳಿಗಳಲ್ಲಿ ಉಳಿದುದಕ್ಕೆ ಫಾಸ್ಫಾರಿಕ್ ಆಮ್ಲವನ್ನೋ ಟ್ಯಾನಿನ್ ಇರುವ ದ್ರಾವಣವನ್ನೋ ಬಳಿಯುತ್ತಾರೆ. ಮೊದಲನೆಯದು ತುಕ್ಕನ್ನು ಫಾಸ್ಫೇಟಾಗಿ ಮಾರ್ಪಡಿಸುತ್ತದೆ. ಎರಡನೆಯದು ಅದನ್ನು ಕಪ್ಪಾಗಿಸುತ್ತದೆ; ನಮ್ಮ ಹಿರಿಯರು ಅಳಲೆಕಾಯಿ, ಅನ್ನಭೇದಿಗಳನ್ನು ಕೂಡಿಸಿ ಮಸಿ ಮಾಡಿದ ಕ್ರಿಯೆಯೇ ಇದು. ಬಳಿಕ ಸತುವಿನ ಪ್ರೈಮರು, ಆಮೇಲೆ ಬಣ್ಣ. ತೂತು ಬಿದ್ದಿದ್ದರೆ ಈ ಯಾವುದೂ ಸಲ್ಲದು: ಕೆಟ್ಟ ತಗಡನ್ನು ಕತ್ತರಿಸಿ ಹೊಸತನ್ನು ಬೆಸೆಯಿಸಬೇಕು. ಬೆಸುಗೆಯ ಬಿಸಿಯಲ್ಲಿ ಒಳಗಿನ ಲೇಪ ಸುಟ್ಟುಹೋಗುವುದರಿಂದ ಟೊಳ್ಳಿನೊಳಕ್ಕೆ ಮೇಣವನ್ನು ಸಿಂಪಡಿಸಲೂಬೇಕು. ತೂತಿನ ಮೇಲೆ ಪುಟ್ಟಿ ಮೆತ್ತುವುದು ಚಿಕಿತ್ಸೆಯಲ್ಲ. ಪುಟ್ಟಿ ತೇವವನ್ನು ಹೀರಿ ಹಿಡಿದಿಡುತ್ತದೆ. ಕಾರನ್ನು ಮಾರುವ ದಿನದವರೆಗೆ ಅದು ನಿಂತರೆ ಸಾಕೆಂಬುದು ಕೆಲವರ ಲೆಕ್ಕ. ಅದನ್ನು ಕೊಳ್ಳುವವನಿಗೆ ಮಾಡಿದ ಮೋಸವೆಂದೇ ಕರೆಯಬೇಕು.

ಹೊಸ ಕಾರುಗಳು ಈ ವಿಷಯದಲ್ಲಿ ಅದೃಷ್ಟಶಾಲಿಗಳು. ಒಂದು ಲೋಹವನ್ನು ಉಳಿಸಲು ಇನ್ನೊಂದನ್ನು ಬಲಿಕೊಡುವ ಉಪಾಯವನ್ನು ಹಂಫ್ರಿ ಡೇವಿ ೧೮೨೪ರಲ್ಲಿಯೇ ಹಡಗುಗಳ ತಾಮ್ರದ ತಳಕ್ಕೆ ಪ್ರಯೋಗಿಸಿದ್ದನು. ತಾಮ್ರವೇನೋ ಸವೆಯಲಿಲ್ಲ, ಆದರೆ ಅದರ ವಿಷ ಕರಗದಿದ್ದುದರಿಂದ ಕಡಲ ಚಿಪ್ಪುಜೀವಿಗಳು ತಳಕ್ಕೆ ಮುತ್ತಿಕೊಂಡವು! ಕಾರಿಗೆ ಆ ತೊಂದರೆಯಿಲ್ಲ. ೧೯೭೫ರಲ್ಲಿ ಪೋರ್ಷೆ ೯೧೧ರ ಮೈಗೆ ಸತು ಲೇಪಿಸಿದ ಉಕ್ಕು ಬಂತು. ಇಂದು ಅನೇಕರು ಅದನ್ನು ಬಳಸುತ್ತಾರೆ. ಇಡೀ ಮೈಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಬಣ್ಣವನ್ನು ಸಂದುಗೊಂದುಗಳಿಗೂ ಹಿಡಿಸುವ ವಿಧಾನವೂ ೧೯೬೦ರ ದಶಕದಿಂದ ರೂಢಿಗೆ ಬಂದಿದೆ. ಗೀರು ಬಿದ್ದರೂ ಸುತ್ತಲಿನ ಸತು ತಾನು ಕರಗಿ ಉಕ್ಕನ್ನು ಕಾಯುತ್ತದೆ. ಕರಗಿ ಮುಗಿಯುವವರೆಗೆ ಮಾತ್ರ.

ಹಳೆಯ ಕಾರನ್ನು ಕೊಳ್ಳಹೊರಟಿರುವ ಮನೆಯವರೊಡನೆ ಹೋಗುವ ವಿದ್ಯಾರ್ಥಿಯು ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತವನ್ನು ಇಟ್ಟುಕೊಳ್ಳಲಿ. ಗೀರು ಬೀಳದಂತೆ ತೆಳುಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಅಡಿಯಂಚು, ಚಕ್ರದ ಕಮಾನು, ಡಿಕ್ಕಿಯ ಕೆಳಭಾಗಗಳ ಮೇಲೆ ಆಡಿಸಲಿ. ಉಕ್ಕಿನ ತಗಡಿರಬೇಕಾದಲ್ಲಿ ಅದು ಹಿಡಿಯದೆ ಜಾರಿತೆಂದರೆ, ಬಣ್ಣದ ಕೆಳಗಿರುವುದು ದಪ್ಪನೆಯ ಪುಟ್ಟಿ.