ಒಂದು ಚದರ ಸೆಂಟಿಮೀಟರಿಗೆ ಏಳು ಗಂಟೆ

ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಮದುವೆ ನಡೆದದ್ದು 1840ರ ಫೆಬ್ರವರಿ 10ರಂದು. ಅಂದು ಆಕೆಯ ತಲೆಯ ಮೇಲಿದ್ದ ಮುಸುಕಿನ ಲೇಸನ್ನು ಡೆವನ್ ಪ್ರಾಂತದ ಹೆಂಗಸರು ಕೈಯಿಂದ ಹೆಣೆದಿದ್ದರು. ಅಲ್ಲಿನ ಬಿಯರ್ ಎಂಬ ಮೀನುಗಾರರ ಹಳ್ಳಿಯೇ ಈ ಕೆಲಸದ ಕೇಂದ್ರ. ರಾಣಿಯ ಮದುವೆಯ ಲೇಸಿಗಾಗಿ ದುಡಿದವರು 200ಕ್ಕೂ ಹೆಚ್ಚು ಮಂದಿ. ಆ ಮುಸುಕಿನ ಮೇಲೆ ರಾಣಿಗೆ ಎಷ್ಟು ಮಮತೆಯೆಂದರೆ, 1901ರಲ್ಲಿ ತೀರಿಕೊಂಡಾಗ ಅವಳ ಇಚ್ಛೆಯಂತೆ ಅದನ್ನೇ ಹೊದಿಸಿ ಮಣ್ಣು ಮಾಡಿದರು.

ಲೇಸ್ ಎಂದರೆ ಕಸೂತಿಯಲ್ಲ. ಧಾರವಾಡದ ಕಸೂತಿಗೆ ಕೆಳಗೆ ಬಟ್ಟೆಯ ಆಸರೆ ಇರುತ್ತದೆ. ಲೇಸಿಗೆ ಅದೂ ಇಲ್ಲ; ನೂಲು ಮತ್ತು ನೂಲಿನ ನಡುವಿನ ಖಾಲಿ ಜಾಗ, ಅಷ್ಟೇ. ಡೆವನ್ನಿನವರ ವಿಧಾನ ಹೀಗೆ: ಗಟ್ಟಿಯಾದ ಒಂದು ದಿಂಬು, ಅದರ ಮೇಲೆ ತೂತು ಚುಚ್ಚಿದ ನಕ್ಷೆ, ತೂತಿಗೊಂದು ಗುಂಡುಸೂಜಿ. ಪುಟ್ಟ ಕಡ್ಡಿಗಳಿಗೆ ಸುತ್ತಿದ ನೂಲನ್ನು ಆ ಸೂಜಿಗಳ ಸುತ್ತ ದಾಟಿಸುತ್ತ, ತಿರುಚುತ್ತ ಹೋದರೆ ಹೂವು, ಎಲೆ, ಬಳ್ಳಿ ಮೂಡುತ್ತವೆ. ಬಿಡಿಬಿಡಿಯಾಗಿ ಹೆಣೆದ ಈ ಹೂಗಳನ್ನು ಕೊನೆಗೆ ಒಟ್ಟುಗೂಡಿಸುತ್ತಾರೆ. ಆದ್ದರಿಂದಲೇ ನೂರಾರು ಕೈಗಳು ಒಂದೇ ಮುಸುಕಿಗೆ ದುಡಿಯಬಹುದು.

ರಾಣಿ ಈ ಹಳ್ಳಿಯವರನ್ನು ಆರಿಸಿದ್ದಕ್ಕೆ ಕಾರಣವಿತ್ತು. ಜಾನ್ ಹೀತ್‌ಕೋಟ್ ಎಂಬಾತ 1809ರ ಹೊತ್ತಿಗೆ ಜಾಲರಿ ನೇಯುವ ಯಂತ್ರ ಕಂಡುಹಿಡಿದಿದ್ದ. ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದ ಜನ 1816ರಲ್ಲಿ ಅವನ ಕಾರ್ಖಾನೆಯ ಯಂತ್ರಗಳನ್ನು ಪುಡಿಗಟ್ಟಿದರು. ಆತ ಡೆವನ್ನಿಗೇ ಬಂದು ಹೊಸ ಕಾರ್ಖಾನೆ ನಡೆಸಿದ. ಕೈಲೇಸಿನವರ ಬದುಕು ಕುಸಿಯಿತು. ಅವರಿಗೆ ನೆರವಾಗಲೆಂದೇ ರಾಣಿ ಸ್ವದೇಶಿ ಲೇಸನ್ನು ಧರಿಸಿದ್ದು. ಆದರೂ ನೋಡಿ, ಕೈಯಿಂದ ಹೆಣೆದ ಹೂಗಳನ್ನು ಕೂರಿಸಿದ್ದು ಯಂತ್ರ ನೇಯ್ದ ಜಾಲರಿಯ ಮೇಲೆಯೇ!

ಈ ಕಥೆಗೆ ಇನ್ನೊಂದು ಮುಖವಿದೆ. ಬೆರಳು ಪಳಗಬೇಕಾದರೆ ಎಳವೆಯಲ್ಲೇ ಶುರು ಮಾಡಬೇಕು ಎಂಬ ನಂಬಿಕೆಯಿಂದ ಐದಾರು ವರ್ಷದ ಮಕ್ಕಳನ್ನು ‘ಲೇಸ್ ಶಾಲೆ’ಗೆ ಕಳಿಸುತ್ತಿದ್ದರು. ಹೆಸರು ಶಾಲೆ, ನಡೆಯುತ್ತಿದ್ದುದು ದುಡಿಮೆ. ಇಕ್ಕಟ್ಟಾದ ಕೋಣೆ, ಮಂದ ಬೆಳಕು, ಬಗ್ಗಿದ ಬೆನ್ನು, ಸೋತ ಕಣ್ಣು. ಬೆಳೆದ ಮೇಲಾದರೂ ಕೈಗೆ ಕಾಸು ಬರುತ್ತಿತ್ತೆ? ಎಷ್ಟೋ ವ್ಯಾಪಾರಿಗಳು ಕೂಲಿಯ ಬದಲು ತಮ್ಮದೇ ಅಂಗಡಿಯ ಸಾಮಾನು ಕೊಟ್ಟು ಕಳಿಸುತ್ತಿದ್ದರು. 1870ರ ಶಿಕ್ಷಣ ಕಾಯ್ದೆ ಬಂದು, 1880ರಲ್ಲಿ ಶಾಲೆ ಕಡ್ಡಾಯವಾದ ಮೇಲೆ ಈ ಲೇಸ್ ಶಾಲೆಗಳ ಕಾಲ ಮುಗಿಯಿತು. ಮಕ್ಕಳು ಅಕ್ಷರ ಕಲಿತರು. ಕಸುಬಿಗೆ ಕೈಗಳು ಕಡಿಮೆಯಾದವು.

ಹಾಗಾದರೆ ಮಕ್ಕಳನ್ನು ಹಿಂಡದೆ ಇಂಥ ಕಸುಬು ಉಳಿಯುವುದಿಲ್ಲವೇ? ಉಳಿದೀತು ಎಂಬುದಕ್ಕೆ ಫ್ರಾನ್ಸಿನ ಅಲಾನ್ಸೋನ್ ಪಟ್ಟಣ ಸಾಕ್ಷಿ. ಅಲ್ಲಿ ಲೇಸನ್ನು ಸೂಜಿಯಿಂದಲೇ ಹೆಣೆಯುತ್ತಾರೆ. ಚರ್ಮದ ಹಾಳೆಯ ಮೇಲೆ ನಕ್ಷೆ ಚುಚ್ಚಿ, ನೂಲಿನಿಂದ ಅಂಚು ಕಟ್ಟಿ, ಒಳಗೆ ಹೊಲಿಗೆ ತುಂಬುತ್ತಾರೆ. ಎಲ್ಲ ಮುಗಿದ ಮೇಲೆ ಅಲಗಿನಿಂದ ಲೇಸನ್ನು ಹಾಳೆಯಿಂದ ಬಿಡಿಸಿ, ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯ ಕೊಂಡಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಒಂದು ಚದರ ಸೆಂಟಿಮೀಟರಿಗೆ ಕನಿಷ್ಠ 7 ಗಂಟೆಯ ಕೆಲಸ. 2010ರಲ್ಲಿ ಯುನೆಸ್ಕೋ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಬಹುದು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಮುಸುಕು ಪೂರ್ತಿ ಈ ಲೇಸಿನದೇ ಆಗಬೇಕು ಎನ್ನಿ. ಅದು 10,000 ಚದರ ಸೆಂಟಿಮೀಟರ್; ಅಂದರೆ 70,000 ಗಂಟೆ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಒಬ್ಬಳೇ ಕೂತರೆ 29 ವರ್ಷ ಬೇಕು. ಮದುಮಗಳು ಹುಟ್ಟುವ ಮೊದಲೇ ಮುಸುಕಿಗೆ ಕೈ ಹಾಕಬೇಕಾದೀತು!

ಈ ಕೆಲಸದಲ್ಲಿ ಪೂರ್ತಿ ಪಳಗಲು 7ರಿಂದ 10 ವರ್ಷ ಹಿಡಿಯುತ್ತದೆ. ಪುಸ್ತಕ ಓದಿ ಬರುವ ವಿದ್ಯೆ ಇದಲ್ಲ. ಬಲ್ಲವರ ಪಕ್ಕದಲ್ಲಿ ಕೂತೇ ಕಲಿಯಬೇಕು. ಅಷ್ಟು ವರ್ಷ ಕಲಿಯುವವಳ ಹೊಟ್ಟೆಪಾಡು? ಫ್ರೆಂಚ್ ಸರ್ಕಾರ 1976ರಲ್ಲಿ ಅಲ್ಲಿ ರಾಷ್ಟ್ರೀಯ ಲೇಸ್ ಕಾರ್ಯಾಗಾರ ತೆರೆದು ಆ ಹೊರೆಯನ್ನು ತಾನೇ ಹೊತ್ತುಕೊಂಡಿತು. ಅಲ್ಲಿ ಲೇಸ್ ಹೆಣೆಯುವವರು ಸರ್ಕಾರಿ ಸಂಬಳದ ನೌಕರರು.

‘ಇದನ್ನು ಕಲಿತರೆ ಹೊಟ್ಟೆ ತುಂಬುತ್ತದೆಯೇ?’ ಎಂದು ಕೇಳುವ ತಂದೆತಾಯಿಗಳನ್ನು ನಾವು ಕಲೆಯ ಬೆಲೆ ತಿಳಿಯದವರೆಂದು ಹಳಿಯುವುದುಂಟು. ಅದು ಸಣ್ಣತನದ ಪ್ರಶ್ನೆಯಲ್ಲ. ಡೆವನ್ನಿನ ತಾಯಂದಿರು ಅದಕ್ಕೆ ಉತ್ತರ ಸಿಗದೆ ಮಗುವನ್ನೇ ದುಡಿಮೆಗೆ ಕೂರಿಸಿದರು; ಅಲಾನ್ಸೋನಿನಲ್ಲಿ ಸರ್ಕಾರ ಉತ್ತರ ಕೊಟ್ಟಿತು. ಕಸುಬು ಅಳಿಯುತ್ತಿದೆ ಎಂದು ಮರುಗುವವರು, ಅದನ್ನು ಕಲಿಯಲು ಕೂತವರಿಗೆ ಆ ಹತ್ತು ವರ್ಷ ಅನ್ನ ಹಾಕುವವರು ಯಾರು ಎಂಬುದನ್ನೂ ಜೊತೆಗೇ ಕೇಳಬೇಕು.